ನಲವತ್ತು ಎಂಬಿ ಜಾಗ ಮತ್ತು ಆರಿದ ಚಹಾ

ಕಪ್ಪತಗುಡ್ಡ, ಹದಿನೇಳನೆಯ ಗಾಳಿಕಂಬದ ಬುಡ
ಆಷಾಢದ ಮೂವತ್ತೇಳನೆಯ ದಿನ, ನಿಮ್ಮ ಲೆಕ್ಕದಲ್ಲಿ ೨೧೯೪

ಶಾಂಭವಿ ಅಕ್ಕನವರಿಗೆ ಫಕೀರವ್ವ ಮಾಡುವ ನಮಸ್ಕಾರಗಳು.

ಆಷಾಢಕ್ಕೆ ಮೂವತ್ತೇಳು ದಿನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಲ್ಲಿ ಗಾಳಿ ಇಳಿಯುವವರೆಗೆ ಈ ತಿಂಗಳನ್ನು ಮುಗಿಸುವುದಿಲ್ಲ. ಹೋದ ವರ್ಷ ನಲವತ್ತೆರಡು ದಿನ ಆಗಿತ್ತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿಬಿಡಿ. ನಾನು ಶಾಲೆಗೆ ಹೋಗಿದ್ದು ಬಿಟ್ಟುಬಿಟ್ಟು, ಎಲ್ಲಾ ಕೂಡಿಸಿದರೆ ನಾಲ್ಕು ವರ್ಷ. ಮಂಜುಬಲೆ ಹರಿದಾಗಲೆಲ್ಲ ಹೊಲಿಯುವುದಕ್ಕೆ ಕರೆಸುತ್ತಿದ್ದರು. ಮಂಜುಬಲೆ ಎಂದರೆ ಗುಡ್ಡದ ನೆತ್ತಿಗೆ ಕಟ್ಟಿ ಮಂಜನ್ನು ನೀರಾಗಿ ಇಳಿಸುವ ಬಲೆ. ನಾವು ಕುಡಿಯುವುದು ಅದೇ ನೀರು. ಶಾಲೆಯಲ್ಲಿ ತಪ್ಪಿದ ಅಕ್ಷರವನ್ನು ನನ್ನ ಅಕ್ಕ ಶಂಕ್ರವ್ವ ಕಲಿಸಿದಳು. ಅವಳು ಬಿಟ್ಟಿದ್ದನ್ನು ನೀವು ಕಲಿಸಿದಿರಿ. ಅದು ನಿಮಗೆ ಗೊತ್ತಿಲ್ಲ, ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಮಾತು ಕೇಳುವುದೂ ಇದೆ. ಅದನ್ನು ಈಗಲೇ ಕೇಳಲು ಧೈರ್ಯವಿಲ್ಲ.

ನನ್ನ ಹತ್ತಿರ ಇರುವ ಅಂಗೈಪೆಟ್ಟಿಗೆ ಒಂದು ಕಾಲಕ್ಕೆ ನಿಮ್ಮದು. ನೀವು ಕೈಯಲ್ಲಿ ಹಿಡಿದು ಗುಂಡಿ ಒತ್ತುತ್ತಿದ್ದಿರಲ್ಲ, ಆ ಸಣ್ಣ ಲಿನಕ್ಸ್ ಕಂಪ್ಯೂಟರಿಗೆ ನಾವು ಹಾಗೆ ಅನ್ನುತ್ತೇವೆ. ಹೊರಗಿನ ಡಬ್ಬಿ ಐದು ಸಲ ಬದಲಾಗಿದೆ, ಬ್ಯಾಟರಿ ಎಷ್ಟು ಸಲವೋ ದೇವರಿಗೇ ಗೊತ್ತು. ಒಳಗಿರುವುದನ್ನು ಮಾತ್ರ ಒಬ್ಬರಿಂದ ಒಬ್ಬರಿಗೆ ಹಾಗೇ ನಕಲು ಮಾಡಿಕೊಂಡು ಬಂದಿದ್ದಾರೆ. ಜಾಗ ಆಗ ಎಷ್ಟಿತ್ತೋ ಈಗಲೂ ಅಷ್ಟೇ. ಮೆಮರಿ ಚಿಪ್ ಮಾಡುವವರು ಈಗ ಯಾರೂ ಇಲ್ಲ. ನಮ್ಮಜ್ಜಿ ಹುಟ್ಟುವ ಮೊದಲೇ ನಿಂತುಹೋಯಿತಂತೆ. ಇರುವ ಚಿಪ್ಪುಗಳನ್ನು ಚಿಪ್ಪಿನ ಮನೆ ಎಂಬ ಕಡೆ ಇಟ್ಟು, ಕೆಲಸವಿದ್ದವರಿಗೆ ಕೊಟ್ಟು, ಕೆಲಸ ಬಿಟ್ಟವರಿಂದ ಒರೆಸಿ ವಾಪಸ್ ತೆಗೆದುಕೊಳ್ಳುತ್ತಾರೆ.

ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಎರಡೇ ವಸ್ತು ಉಳಿದಿವೆ. ಒಂದು, ನೀವು ಜಾಗದ ಬಗ್ಗೆ ಬರೆದ ಟಿಪ್ಪಣಿ. ಇನ್ನೊಂದು, ನಲವತ್ತನಾಲ್ಕು ಎಂಬಿಯ ಒಂದು ಧ್ವನಿ. ಟಿಪ್ಪಣಿಯ ಮೊದಲ ಸಾಲು ನನಗೆ ಬಾಯಿಪಾಠ: ‘ಜಾಗ ಇಲ್ಲ ಅಂತ ಗಾಬರಿಯಾಗಬೇಡ, ಮೊದಲು ಎಷ್ಟಿದೆ ನೋಡು.’ ಕೊನೆಯ ಸಾಲೂ ಬಾಯಿಪಾಠ: ‘ಬೇರೆ ಏನು ಬೇಕಾದರೂ ಅಳಿಸು, ಈ ಧ್ವನಿಯನ್ನು ಬಿಡು. ಮೆಮರಿ ಕಾರ್ಡಿಗೂ ಹಾಕಬೇಡ, ಕಾರ್ಡ್ ಯಾವತ್ತು ಸಾಯುತ್ತದೋ ಹೇಳಲಾಗದು.’ ಅದರ ಕೆಳಗೆ ನಿಮ್ಮ ನಂತರ ಪೆಟ್ಟಿಗೆ ಹಿಡಿದ ಏಳು ಜನ ತಮ್ಮ ಹೆಸರು ಬರೆದು, ಮುಂದೆ ‘ಬಿಟ್ಟಿದ್ದೇನೆ’ ಎಂದು ಬರೆದಿದ್ದಾರೆ. ಏಳನೆಯವಳು ನಮ್ಮಕ್ಕ.

ಅಕ್ಕನೂ ನನ್ನ ಹಾಗೆ ಕಂಬದಾಳು. ಎಂಬತ್ತು ಮೀಟರಿನ ಗಾಳಿಕಂಬ ಹತ್ತಿ ರೆಕ್ಕೆಯ ಬಿರುಕು ನೋಡಿ ಬರೆದುಕೊಳ್ಳುವ ಕೆಲಸ. ಕೆಳಗಿನ ನಲವತ್ತು ಊರಿನ ಬೆಳಕು, ಹಿಟ್ಟಿನ ಗಿರಣಿ, ಆಸ್ಪತ್ರೆ ಎಲ್ಲಾ ಈ ರೆಕ್ಕೆಗಳ ಮೇಲೆ. ಮೂರು ವರ್ಷದ ಹಿಂದೆ ಅವಳು ಕರಾವಳಿಯ ತಡೆಗೋಡೆ ಕಟ್ಟಲು ಹೋಗಿ ಜ್ವರ ಬಂದು ಅಲ್ಲೇ ತೀರಿಹೋದಳು. ಹೋಗುವಾಗ ಪೆಟ್ಟಿಗೆ ನನಗೆ ಕೊಟ್ಟು, ಅದರಲ್ಲಿ ತನ್ನ ಧ್ವನಿ ಇಟ್ಟುಹೋದಳು. ಅರವತ್ತು ಎಂಬಿ. ಒಳ್ಳೆಯ ಮಾತೇನೂ ಇಲ್ಲ, ಬರೀ ಬೈಗುಳ. “ಏ ಫಕೀರಿ, ಕೊಂಡಿ ಹಾಕ್ಕೊಂಡೀ ಇಲ್ಲ? ಜಗ್ಗಿ ನೋಡು. ಇನ್ನೊಮ್ಮಿ ಜಗ್ಗು. ಕೆಳಗ ನೋಡಬ್ಯಾಡ ಅಂದ್ರ ಕೆಳಗ ನೋಡ್ತದ ಖೋಡಿ!” ಕಂಬದ ನೆತ್ತಿಯಲ್ಲಿ ಕೊಂಡಿ ಹಾಕುವ ಮೊದಲು ನಾನು ಅದನ್ನು ಹಚ್ಚಿಕೊಂಡು ಕೇಳುತ್ತೇನೆ. ಮೂರು ವರ್ಷದಲ್ಲಿ ಅದಿಲ್ಲದೆ ಒಮ್ಮೆಯೂ ಕೊಂಡಿ ಹಾಕಿಲ್ಲ.

ಈ ಸಲ ಗಾಳಿ ಶುರುವಾದಾಗ ವೀರಭದ್ರಪ್ಪ ಮೇಸ್ತ್ರಿ ಎಲ್ಲರಿಗೂ ರೆಕ್ಕೆನೋಟ ಎಂಬ ಹೊಸ ಪ್ರೋಗ್ರಾಂ ಕೊಟ್ಟರು. ಅದು ಬಿರುಕನ್ನು ತಾನೇ ನೋಡಿ ಅಳೆಯುತ್ತದೆ. ನೂರಾ ನಲವತ್ತು ಎಂಬಿ. ನನ್ನ ಪೆಟ್ಟಿಗೆಯಲ್ಲಿ ಜಾಗ ಎಷ್ಟಿದೆ ಎಂದು ನೋಡದೆ, ನಿಮ್ಮ ಮೊದಲ ಸಾಲನ್ನೇ ಮರೆತು, ಹಾಕಿಬಿಟ್ಟೆ. ಅರ್ಧಕ್ಕೆ ನಿಂತಿತು. ಹೊಸದೂ ಇಲ್ಲ, ಬಿರುಕು ಬರೆದುಕೊಳ್ಳುತ್ತಿದ್ದ ಹಳೆಯದೂ ತೆರೆಯುವುದಿಲ್ಲ. ಮೇಸ್ತ್ರಿ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. “ಗಾಳಿ ಇಳಿಯೂದ್ರೊಳಗ ಹಾಕ್ಕೊಳ್ಳಾಕ ಆಗಲಿಲ್ಲಂದ್ರ ಪೆಟ್ಟಿಗಿ ವಾಪಸ್ ಕೊಡು ತಂಗಿ,” ಅಂದರು. “ಚಿಪ್ಪಿನ ಮನಿಯವ್ರು ಒರೆಸಿ ಬ್ಯಾರೇದವ್ರಿಗೆ ಕೊಡ್ತಾರ. ನಿನಗ ಮಂಜುಬಲಿ ಹೊಲಿಯೂ ಕೆಲಸ ಇದ್ದೇ ಐತಿ.”

ಒರೆಸಿದರೆ ಅಕ್ಕನೂ ಹೋದಳು, ನಿಮ್ಮದೂ ಹೋಯಿತು.

ಮರುದಿನ ನಿಮ್ಮ ಟಿಪ್ಪಣಿ ತೆಗೆದು ಕುಳಿತೆ. ಅರ್ಧಕ್ಕೆ ನಿಂತಿದ್ದನ್ನು ಮೊದಲು ಪೂರ್ತಿ ಕಿತ್ತೆ. ಉಳಿದ ಜಾಗ ಮೂವತ್ತು ಎಂಬಿ. ‘ಪ್ರೋಗ್ರಾಂ ಹಾಕಿದ ಮೇಲೂ ಅದು ಬಂದ ಗಂಟು ಒಳಗೇ ಬಿದ್ದಿರುತ್ತದೆ, ಗಂಟುಗಳನ್ನು ಎಸೆ’ ಎಂದು ಬರೆದಿದ್ದಿರಿ. ನೀವು ಬರೆದ ಕಮಾಂಡನ್ನು ಅಕ್ಷರ ಅಕ್ಷರ ನೋಡಿ ಬರೆದೆ, ಎಲ್ಲಿ ಎಲ್ಲವೂ ಹೋಗಿಬಿಡುತ್ತದೋ ಎಂದು ಕೊನೆಯ ಗುಂಡಿಯನ್ನು ಕಣ್ಣು ಮುಚ್ಚಿಕೊಂಡೇ ಒತ್ತಿದೆ. ನಲವತ್ತೈದು ಎಂಬಿ ಬಂತು! ‘ಓದದ ಭಾಷೆಗಳನ್ನೂ ಓದದ ಕೈಪಿಡಿಗಳನ್ನೂ ತೆಗೆ’ ಎಂದಿದ್ದಿರಿ. ಯಾವ ಯಾವ ದೇಶದವೋ ಇದ್ದವು, ಪಾಪ, ಇಪ್ಪತ್ತೈದು ಎಂಬಿ. ಅಲ್ಲಿಗೆ ನೂರು. ಇನ್ನೂ ನಲವತ್ತು ಬೇಕು. ಅಕ್ಕನ ಧ್ವನಿಯನ್ನು ಹಿಂಡಿ ಸಣ್ಣ ಮಾಡಲು ನೋಡಿದೆ. ಅವಳೇ ಮೊದಲು ಹಿಂಡಿ ಇಟ್ಟಿದ್ದಳು. ಇನ್ನೂ ಹಿಂಡಿದರೆ ಬೈಗುಳ ಉಳಿದು ಅಕ್ಕ ಉಳಿಯುತ್ತಿರಲಿಲ್ಲ.

ಕೊನೆಗೆ ನೀವು ಹೇಳಿದ ನೆರಳು-ಹೆಸರಿನ ಉಪಾಯ ಮಾಡಿದೆ. ವಸ್ತುವನ್ನು ಮೆಮರಿ ಕಾರ್ಡಿನಲ್ಲಿಟ್ಟು, ಒಳಗೆ ಅದರ ಹೆಸರನ್ನು ಮಾತ್ರ ಇಡುವುದು. ಕರೆದರೆ ಅಲ್ಲಿಂದ ಓಡಿಬರುತ್ತದೆ. ರೆಕ್ಕೆನೋಟವನ್ನು ಕಾರ್ಡಿಗೆ ಹಾಕಿದೆ. ಕೆಳಗೆ ಹತ್ತು ಸಲ ತೆರೆದು ನೋಡಿದೆ, ಹತ್ತೂ ಸಲ ತೆರೆಯಿತು. ಮೇಸ್ತ್ರಿಗೆ ತೋರಿಸಿದೆ. ಅಕ್ಕ ಒಳಗೆ, ನೀವೂ ಒಳಗೆ, ಎಲ್ಲರೂ ಕ್ಷೇಮ ಎಂದುಕೊಂಡೆ.

ಆದರೆ ನಮ್ಮಲ್ಲಿ ಸಡಿಲಿಳಿಸುವುದು ಎಂಬ ಒಂದು ಪದ್ಧತಿ ಇದೆ. ಕಂಬ ಹತ್ತುವ ಮೊದಲು ಮೈಮೇಲೆ ಬಿಚ್ಚಿಬರುವಂಥದ್ದು ಏನಿದ್ದರೂ ಬುಡದ ಬುಟ್ಟಿಗೆ ಹಾಕಬೇಕು: ಬಳೆ, ಕಿವಿಯೋಲೆ, ಹೇರ್‌ಪಿನ್ನು, ಪೆಟ್ಟಿಗೆಯ ಕಾರ್ಡು. ಎಂಬತ್ತು ಮೀಟರ್ ಮೇಲಿಂದ ಬಿದ್ದರೆ ಕಾರ್ಡಿನ ಚೂರೂ ಸಿಗುವುದಿಲ್ಲ. ಬುಟ್ಟಿ ಕಾಯುವವಳು ಮಾಬೂಬಿ. “ಸಡಿಲ ಇಳಸವ್ವಾ,” ಅಂದಳು. ಮೂರು ವರ್ಷದ ರೂಢಿ, ನನ್ನ ಕೈ ನನ್ನನ್ನು ಕೇಳದೆಯೇ ಕಾರ್ಡನ್ನು ಕಿತ್ತು ಬುಟ್ಟಿಗೆ ಹಾಕಿತು. ನೆತ್ತಿಗೆ ಹೋಗಿ ರೆಕ್ಕೆನೋಟವನ್ನು ಕರೆದರೆ, ಅಂಥದ್ದು ಇಲ್ಲವೇ ಇಲ್ಲ ಅನ್ನುತ್ತದೆ ಪೆಟ್ಟಿಗೆ. ಗಾಳಿ ಏರುತ್ತಿತ್ತು. ರೇಡಿಯೋದಲ್ಲಿ ಮೇಸ್ತ್ರಿ, “ಏನಾತವ್ವಾ, ತೋರಿಸ್ದಾಗ ಛಲೋ ಇತ್ತಲ್ಲ?” ಅಂದರು. ನಾನು ಅಳುವ ಸ್ವರದಲ್ಲಿ ಹೇಳಿದ್ದನ್ನು ಕೇಳಿ ಬುಡದಲ್ಲಿದ್ದ ಮಾಬೂಬಿ ರೇಡಿಯೋದಲ್ಲೇ ನಕ್ಕಳು. “ನಿನ್ನ ರೆಕ್ಕೆನೋಟ ಇಲ್ಲೇ ನನ್ನ ಬುಟ್ಟ್ಯಾಗ ನಿನ್ನ ಕೈಬಳಿ ಜೋಡಿ ಕುಂತೈತಿ. ಜೋರಾಗಿ ಕೂಗು, ಹತ್ತಿ ಬಂದೀತು!”

ಇಳಿದುಬಂದು ಕಂಬದ ಬುಡದಲ್ಲಿ ಕುಳಿತು ಯೋಚಿಸಿದೆ. ರೆಕ್ಕೆನೋಟ ಒಳಗೇ ಇರಬೇಕು. ಹಾಗಾದರೆ ಒಂದೋ ಅಕ್ಕ ಹೊರಗೆ, ಇಲ್ಲವೇ ನೀವು. ಸುಳ್ಳು ಏಕೆ ಹೇಳಲಿ, ಮೊದಲು ಮನಸ್ಸು ಹೋಗಿದ್ದು ನಿಮ್ಮ ಮೇಲೆಯೇ. ನೂರೈವತ್ತು ವರ್ಷಕ್ಕೂ ಹಿಂದಿನ ಯಾರದೋ ಧ್ವನಿ, ಅಳಿಸಿದರೆ ಕೇಳಲು ಯಾರು ಬರುತ್ತಾರೆ? ಅಳಿಸುವ ಕಮಾಂಡನ್ನು ಪೂರ್ತಿ ಬರೆದೂ ಆಗಿತ್ತು, ಗುಂಡಿ ಒತ್ತುವುದೊಂದು ಬಾಕಿ. ಅಳಿಸುವ ಮೊದಲು ಒಂದು ಸಲ ಕೇಳೋಣ ಎನಿಸಿತು. ಅಲ್ಲಿಯವರೆಗೂ ನಾನು ಅದನ್ನು ಪೂರ್ತಿ ಕೇಳಿದವಳಲ್ಲ.

ಮಾತು ಹೆಚ್ಚಿಲ್ಲ. ಕುಕ್ಕರ್ ಮೂರು ಸಲ ಕೂಗುತ್ತದೆ. ಬೀದಿಯಲ್ಲಿ ಯಾರೋ ಸೊಪ್ಪು ಮಾರುತ್ತಾರೆ. ಹತ್ತಿರದಲ್ಲೇ ಗುಂಡಿ ಒತ್ತುವ ಟಕಟಕ, ಅದು ನೀವೇ ಇರಬೇಕು. ಆಮೇಲೆ ಒಳಗಿನಿಂದ ಒಬ್ಬ ಹೆಂಗಸು, ನಿಮ್ಮ ಅವ್ವನೇ ಇರಬೇಕು, ಕರೆಯುತ್ತಾಳೆ: “ಶಾಂಭವೀ, ಚಾ ಆರಾಕತ್ತೈತಿ ನೋಡು.” ಟಕಟಕ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ: “ಶಾಂಭೂ, ಆ ಡಬ್ಬಿ ಇಡು ಮಾರಾಯ್ತಿ. ಚಾ ಆರಿ ಹೋತು.” ನೀವು ಉತ್ತರ ಕೊಡುವುದಿಲ್ಲ. ಬಟ್ಟಲು ಎತ್ತಿಕೊಂಡು ಹೋದ ಸದ್ದು. ಅಷ್ಟೇ, ಮುಗಿಯಿತು.

ನಾನು ಚಹಾ ಕುಡಿದಿಲ್ಲ. ನಮ್ಮಜ್ಜಿ ಸಣ್ಣವಳಿದ್ದಾಗ ಒಮ್ಮೆ ಕುಡಿದಿದ್ದಳಂತೆ. ಆದರೂ ಆ ಬಟ್ಟಲಿನ ಸದ್ದಿಗೆ ನನ್ನ ಬಾಯಿ ಆರಿತು. ಕಮಾಂಡನ್ನು ಒಂದೊಂದೇ ಅಕ್ಷರ ಅಳಿಸಿದೆ.

ಅಕ್ಕನ ಮಾತು ನನ್ನ ಕಿವಿಯಲ್ಲಿ ಇದೆ. ನಿಮ್ಮ ಅವ್ವನಿಗೆ ಈ ಲೋಕದಲ್ಲಿ ಉಳಿದಿರುವುದು ಇದೊಂದೇ ಜಾಗ. ಅಕ್ಕನನ್ನು ಕಾರ್ಡಿಗೆ ಹಾಕಿ, ರೆಕ್ಕೆನೋಟವನ್ನು ಒಳಗೆ ತಂದೆ. ಇಂದು ಬೆಳಿಗ್ಗೆ ಬುಟ್ಟಿಯ ಮುಂದೆ ಕಾರ್ಡ್ ಹಿಡಿದುಕೊಂಡು ನಿಂತೇ ಇದ್ದೆ. ಮಾಬೂಬಿ ನಗಲಿಲ್ಲ. ತನ್ನ ಸೆರಗಿನ ತುದಿಯಲ್ಲಿ ಕಾರ್ಡನ್ನು ಗಂಟು ಹಾಕಿಕೊಂಡಳು. “ನಿಮ್ಮಕ್ಕನ್ನ ನಾ ಕಾಯ್ತೀನಿ. ನೀ ಹತ್ತು.” ನೆತ್ತಿ ತಲುಪಿದೆ. ಕೊಂಡಿ ಹಾಕ್ಕೊಂಡೀ ಇಲ್ಲ ಎಂದು ನಾನೇ ಕೂಗಿದೆ, ಜಗ್ಗಿ ನೋಡಿದೆ, ಇನ್ನೊಮ್ಮೆ ಜಗ್ಗಿದೆ. ರೆಕ್ಕೆನೋಟ ತೆರೆಯಿತು. ಎರಡು ಬಿರುಕು ಸಿಕ್ಕವು. ಪೆಟ್ಟಿಗೆ ನಿನ್ನ ಹತ್ತಿರವೇ ಇರಲಿ ಎಂದರು ಮೇಸ್ತ್ರಿ. ಕಾರ್ಡ್ ಇಂದು ಸಾಯುತ್ತದೋ ನಾಳೆಯೋ ಎಂಬ ಚಿಂತೆ ಇದ್ದೇ ಇದೆ. ಇವತ್ತೇ ನಾಲ್ಕು ಸಲ ತೆಗೆದು ನೋಡಿದೆ. ನಿಮ್ಮ ಟಿಪ್ಪಣಿಯ ಕೆಳಗೆ ಎಂಟನೆಯ ಹೆಸರು ಬರೆದಿದ್ದೇನೆ: ಫಕೀರವ್ವ, ಬಿಟ್ಟಿದ್ದೇನೆ.

ಈಗ ಕೇಳಬೇಕಾದದ್ದು. ಪೆಟ್ಟಿಗೆಯ ಗಡಿಯಾರವನ್ನು ಆ ಧ್ವನಿಯ ತಾರೀಖಿಗೆ, ಅದಕ್ಕೂ ಒಂದು ತಾಸು ಹಿಂದಕ್ಕೆ ತಿರುಗಿಸಿ, ಈ ಪತ್ರವನ್ನು ನಿಮ್ಮ ಫೋಲ್ಡರಿನಲ್ಲಿ ಇಡುತ್ತಿದ್ದೇನೆ. ಹೀಗೆ ಮಾಡಿದರೆ ತಲುಪುತ್ತದೆ ಎಂದು ಯಾರೂ ಹೇಳಿಲ್ಲ, ನನಗೆ ಬೇರೆ ದಾರಿ ಗೊತ್ತಿಲ್ಲ. ತಲುಪಿದರೆ, ಅಕ್ಕಾ, ಅವ್ವ ಕರೆದಾಗ ಆ ಪೆಟ್ಟಿಗೆಯನ್ನು ಕೆಳಗಿಡಿ. ಚಹಾ ಬಿಸಿ ಇರುವಾಗಲೇ ಕುಡಿಯಿರಿ. ಹೋಗುವ ಮೊದಲು ‘ಬಂದೆ’ ಎಂದು ಒಂದು ಮಾತು ಹೇಳಿ. ಅದಕ್ಕೆ ಏನೂ ಜಾಗ ಬೇಕಾಗುವುದಿಲ್ಲ, ನಾನು ಲೆಕ್ಕ ಹಾಕಿ ನೋಡಿದ್ದೇನೆ.

ಇನ್ನು ಮುಂದೆ ಕಂಬದಿಂದ ಇಳಿದ ಮೇಲೆ ದಿನಾ ಒಮ್ಮೆ ನಿಮ್ಮ ಆ ಧ್ವನಿಯನ್ನು ಹಚ್ಚಿ, ಕಿವಿಗೆ ಒತ್ತಿ ಹಿಡಿದು ಕೇಳುತ್ತೇನೆ. ಇವತ್ತಿನವರೆಗೆ ಆ ‘ಬಂದೆ’ ಬಂದಿಲ್ಲ.

ನಿಮ್ಮ ತಂಗಿಯಂಥವಳು,
ಫಕೀರವ್ವ