ಗಾಡಿ ನನ್ನ ಹೆಸರಿನಲ್ಲಿದೆ

ಕಮ್ಮನಹಳ್ಳಿ, ಬೆಂಗಳೂರು
೧೨ ಆಗಸ್ಟ್ ೨೦೦೭, ಭಾನುವಾರ

ಭೀಮು ಅವರಿಗೆ,

ಹೆಸರು ಹಿಡಿದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಆರು ವರ್ಷ ಜೊತೆಗಿದ್ದಾಗ ಒಮ್ಮೆಯೂ ಬಾಯಲ್ಲಿ ತರದ ಹೆಸರು. ಎಂಟು ವರ್ಷ ಬೇರೆ ಇದ್ದ ಮೇಲೆ ‘ಇವರೇ’ ಎಂದು ಶುರು ಮಾಡಲು ಪೆನ್ನು ಮುಂದೆ ಹೋಗಲಿಲ್ಲ. ನಾನು ಆರಾಮಾಗಿದ್ದೇನೆ. ಆಸ್ಪತ್ರೆಯಲ್ಲಿ ಅದೇ ಆಯಾ ಕೆಲಸ, ಅದೇ ಹೆರಿಗೆ ವಾರ್ಡು. ನೀವು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ನಿಮ್ಮ ಪತ್ರ ಜುಲೈ ಇಪ್ಪತ್ನಾಲ್ಕಕ್ಕೆ ತಲುಪಿತು. ಎಂಟು ವರ್ಷಕ್ಕೆ ಒಂದು ಪತ್ರ, ಅದರಲ್ಲಿ ನಾಲ್ಕು ಸಾಲು. ಜಾವಾ ರೆಡಿಯಾಗಿದೆ. ಜೊತೆಗಿರುವ ಫಾರಂನಲ್ಲಿ ಪೆನ್ಸಿಲ್ ಗುರುತು ಇರುವ ಕಡೆ ಸಹಿ ಮಾಡು. ಆರ್.ಸಿ. ಪುಸ್ತಕ ನಿನ್ನ ಹತ್ತಿರ ಇದ್ದರೆ ಅದನ್ನೂ ಕಳಿಸು. ಹುಷಾರು. ಇಷ್ಟೇ. ‘ಹುಷಾರು’ ಎಂದದ್ದು ನನ್ನ ಆರೋಗ್ಯಕ್ಕೋ, ಪುಸ್ತಕ ಕಳೆಯಬೇಡ ಎಂದೋ, ಎರಡು ದಿನ ಅದನ್ನೇ ಯೋಚಿಸಿದೆ.

ನಿಜ ಹೇಳುತ್ತೇನೆ, ನನಗೆ ನಿಮ್ಮ ಮೇಲೆ ಅನುಮಾನ ಬಂತು. ಬಾರದೆ ಇರುತ್ತದೆಯೇ? ತೊಂಬತ್ನಾಲ್ಕರಲ್ಲಿ ಹಲಸೂರಿನ ಆ ರಿಟೈರ್ಡ್ ಹವಾಲ್ದಾರರಿಂದ ಎರಡೂವರೆ ಸಾವಿರಕ್ಕೆ ಆ ಜಾವಾ ಬೈಕು ತಂದಾಗ ನಿಮಗೆ ಈ ಊರಿನಲ್ಲಿ ವಿಳಾಸದ ಕಾಗದವೇ ಇರಲಿಲ್ಲ. ನನ್ನ ಆಸ್ಪತ್ರೆಯ ಕಾರ್ಡು ತೋರಿಸಿ ನನ್ನ ಹೆಸರಿಗೆ ಮಾಡಿಸಿದಿರಿ. ಆಗ ಅದು ಅರ್ಧ ಗುಜರಿ. ಈಗ ಏನು ಬೆಲೆ ಎಂದು ನನಗೂ ಗೊತ್ತು. ನಮ್ಮ ವಾರ್ಡಿಗೆ ಬರುವ ಡಾಕ್ಟರರ ಮಗ ಅಂಥದ್ದನ್ನೇ ಅರವತ್ತು ಸಾವಿರ ಕೊಟ್ಟು ಕೊಂಡಿದ್ದಾನೆ. ಹೆಂಡತಿ ನೆನಪಾಗದ ಗಂಡನಿಗೆ ಹೆಂಡತಿಯ ಸಹಿ ನೆನಪಾಯಿತು ಎಂದರೆ ಗಿರಾಕಿ ಸಿಕ್ಕಿದ್ದಾನೆ ಎಂದೇ ಅರ್ಥ. ಹಾಗಂದುಕೊಂಡೆ.

ಅದಕ್ಕೇ ಒಂದು ಬುಧವಾರ ರಜೆ ಹಾಕಿ ಶಿವಾಜಿನಗರಕ್ಕೆ ಹೋದೆ. ನೀವು ಟಿನ್ ಫ್ಯಾಕ್ಟರಿ ಹತ್ತಿರದ ಲೇತ್ ಅಂಗಡಿ ಬಿಟ್ಟು ಬರುವ ದಿನವಲ್ಲ ಅದು ಎಂದು ಲೆಕ್ಕ ಹಾಕಿಯೇ ಹೋದದ್ದು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮೆಕ್ಯಾನಿಕ್ ಶೌಕತ್ ಅವರ ಶೆಡ್ಡು ಹಾಗೆಯೇ ಇದೆ, ತಗಡು ಮಾತ್ರ ಹೊಸದು. ಅವರು ನನ್ನನ್ನು ನೋಡಿದ್ದು ಒಂದೋ ಎರಡೋ ಸಲ. ಗುರುತು ಹಿಡಿಯಲಿಲ್ಲ. ತಮ್ಮನಿಗೆ ಹಳೇ ಗಾಡಿಯ ಹುಚ್ಚು, ಒಂದು ಜಾವಾ ಬೇಕಿತ್ತು ಎಂದು ಸುಳ್ಳು ಹೇಳಿದೆ.

ಅವರು ನಕ್ಕುಬಿಟ್ಟರು. “ಲೇಟಾಗಿ ಬಂದ್ರಿ ಮೇಡಂ. ಹತ್ತು ವರ್ಷದ ಹಿಂದೆ ಗುಜರಿಯವರು ತೂಕಕ್ಕೆ ಹಾಕಿಸ್ಕೊಂಡು ಹೋಗ್ತಿದ್ರು. ಮೈಸೂರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಸ್ಪೇರ್ ಸಿಗಲ್ಲ. ಬರೀ ಒಂದು ಒರಿಜಿನಲ್ ಟ್ಯಾಂಕಿಗೆ ಈಗ ಎಂಟು ಸಾವಿರ ಕೇಳ್ತಾರೆ. ಕ್ರೋಮ್ ಹೊಡೆಸೋಕೆ ಬೇರೆ.”

ಮೂಲೆಯಲ್ಲಿ ಅದು ನಿಂತಿತ್ತು. ಕಡುಗೆಂಪು ಬಣ್ಣ, ಟ್ಯಾಂಕಿನ ಪಕ್ಕದಲ್ಲಿ ಮುಖ ಕಾಣುವಷ್ಟು ಹೊಳಪು. ನಾನು ಮನೆಯಿಂದ ಹೊರಟ ದಿನ ಅದು ನಮ್ಮ ಕೋಣೆಯ ತುಂಬ ಬಿಡಿ ಬಿಡಿಯಾಗಿ ಬಿದ್ದಿತ್ತು. ಹಾಸಿಗೆಯ ಮೇಲೂ ಗ್ರೀಸು. ಅದೇ ಗಾಡಿ ಎಂದು ನಂಬಲು ಆಗಲಿಲ್ಲ. ಇದಕ್ಕೆಷ್ಟು ಎಂದು ಕೇಳಿದೆ.

“ಅದು ಸೇಲ್‌ಗಿಲ್ಲ. ಎಪ್ಪತ್ತು ಸಾವಿರ ಕೈಯಲ್ಲಿ ಹಿಡ್ಕೊಂಡು ಬಂದಿದ್ರು ಒಬ್ರು. ಭೀಮುಭಾಯ್ ಕೊಡಲ್ಲ ಅಂದ್ರು. ಗಾಡಿ ನಂದಲ್ಲ, ಮಾರೋಕೆ ನಾನ್ಯಾರು ಅಂತಾರೆ. ಎಂಟು ವರ್ಷ ಭಾನುವಾರ ಭಾನುವಾರ ಬಂದು ಅವರೇ ಕೈಯಾರೆ ಮಾಡಿದಾರೆ. ಪಾಗಲ್ ಆದ್ಮಿ.”

ಶೆಡ್ಡಿನ ಗಾಡಿಗಳಿಗೆಲ್ಲ ಮಾಲೀಕರ ಹೆಸರಿನ ರಟ್ಟಿನ ಚೀಟಿ ಕಟ್ಟಿರುತ್ತಾರಲ್ಲ, ಇದರ ಹ್ಯಾಂಡಲ್ಲಿಗೂ ಕಟ್ಟಿತ್ತು. ಬಗ್ಗಿ ಓದಿದೆ. ಸುಜಾತಾ ಎಂದು ನಿಮ್ಮ ಅಕ್ಷರ. ರಟ್ಟು ಹಳತಾಗಿ ಎಣ್ಣೆ ಕುಡಿದು ಕಪ್ಪಾಗಿತ್ತು. ಅಕ್ಷರದ ಮೇಲೆ ಮತ್ತೆ ಮತ್ತೆ ತಿದ್ದಿದ್ದು ಕಾಣುತ್ತಿತ್ತು.

ಅಷ್ಟಕ್ಕೇ ಕರಗಿಹೋದೆ ಎಂದು ತಿಳಿಯಬೇಡಿ. ಶೌಕತ್ ಗುರುತು ಹಿಡಿದೇ ಹೀಗೆ ಹೇಳುತ್ತಿದ್ದಾರೆಯೇ, ನೀವೇ ಹೇಳಿಕೊಟ್ಟಿದ್ದೀರಾ ಎಂದು ಅನಿಸಿತು. ಹೆಡ್‌ಲೈಟು ಮಾತ್ರ ಯಾವುದೋ ಅಗ್ಗದ್ದು ಎಂದು ನನಗೂ ತಿಳಿಯಿತು. ಕೊಂಕು ತೆಗೆಯಲೆಂದೇ ಅದನ್ನು ಎತ್ತಿ ಆಡಿದೆ.

ಅವರ ಮುಖ ಸಪ್ಪಗಾಯಿತು. “ಅದೇ ಮೇಡಂ ನನಗೂ ಬೇಜಾರು. ಒರಿಜಿನಲ್ ಇದೆ, ಕೆ.ಜಿ.ಎಫ್.ನಿಂದ ತಂದಿದ್ದು. ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದಾರೆ. ಹಾಕಿದ್ರೆ ಇನ್ನೂ ಹತ್ತು ಸಾವಿರ ಜಾಸ್ತಿ ಬರುತ್ತೆ. ಹಾಕಲ್ಲ ಅಂತಾರೆ. ಯಾಕೆ ಅಂತ ಹೇಳಲ್ಲ.”

ಯಾಕೆಂದು ನನಗೆ ಗೊತ್ತಲ್ಲ. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಅವ್ವ ಹೋದ ಸುದ್ದಿ ಬಂದಾಗ ನಾನು ಮೆಜೆಸ್ಟಿಕ್‌ನಲ್ಲಿ ಸುರಪುರದ ಬಸ್ಸಿನ ಮುಂದೆ ಮೂರು ತಾಸು ನಿಮಗಾಗಿ ನಿಂತಿದ್ದೆ. ಅಂಗಡಿಗೆ ಫೋನು ಮಾಡಿದರೆ ರಜೆ ಹಾಕಿದ್ದಾನೆ ಎಂದರು. ಕೊನೆಗೆ ಒಬ್ಬಳೇ ಹೋದೆ. ಅವ್ವನ ಮಣ್ಣಿಗೆ ಅಳಿಯ ಬರಲಿಲ್ಲ ಎಂದು ಊರೆಲ್ಲ ಕೇಳಿತು. ತಿರುಗಿ ಬಂದಾಗ ನೀವು ಆ ಹೆಡ್‌ಲೈಟನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಿರಿ. ‘ಎಲ್ಲಿ ಹೋಗಿದ್ರಿ’ ಎಂದಿದ್ದಕ್ಕೆ ‘ಕೆ.ಜಿ.ಎಫ್.ಗೆ, ನಂಗೇನ್ ಗೊತ್ತಿತ್ತು’ ಎಂದಿರಿ. ಗೊತ್ತಿರಲಿಲ್ಲ ಎನ್ನುವುದು ನಿಜವೇ. ಆದರೆ ನನಗೆ ಹೇಳದೆ ಹೋಗಿದ್ದಿರಿ ಎನ್ನುವುದೂ ನಿಜ. ಆ ವಾರವೇ ನಾನು ಟ್ರಂಕು ಎತ್ತಿಕೊಂಡು ಹೊರಟೆ; ಆರ್.ಸಿ. ಪುಸ್ತಕ ಅದರ ತಳದಲ್ಲಿತ್ತು.

ಶೌಕತ್ ಚಹಾ ತರಿಸುತ್ತೇನೆ ಎಂದರು. ಬೇಡ ಎಂದು ಬಂದುಬಿಟ್ಟೆ. ಅಳು ಬರುವ ಹಾಗಿತ್ತು, ಅಪರಿಚಿತರ ಮುಂದೆ ಯಾಕೆ.

ಆದರೂ ಫಾರಂ ಬಗ್ಗೆ ಸಮಾಧಾನವಾಗಲಿಲ್ಲ. ಇಂಗ್ಲಿಷ್ ಫಾರಂ ಎಲ್ಲ ನನ್ನ ಕಣ್ಣಿಗೆ ಒಂದೇ ಥರ. ಮೊನ್ನೆ ಶುಕ್ರವಾರ ಇಂದಿರಾನಗರದ ಆರ್‌ಟಿಓ ಕಚೇರಿಗೆ ಹೋಗಿ, ಹೊರಗೆ ಮರದ ಕೆಳಗೆ ಅರ್ಜಿ ತುಂಬಿಕೊಡುವ ವಯಸ್ಸಾದವರೊಬ್ಬರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಓದಿದರು.

“ಇದು ಮಾರೋದಲ್ಲಮ್ಮ. ರಿಜಿಸ್ಟ್ರೇಷನ್ ರಿನ್ಯೂವಲ್‌ದು. ಸಹಿ ಹಾಕಿದ್ರೆ ಇನ್ನೂ ಐದು ವರ್ಷ ಗಾಡಿ ನಿಮ್ಮ ಹೆಸರಲ್ಲೇ ಇರುತ್ತೆ.”

ಸರಿಯಾಗಿ ನೋಡಿ ಎಂದು ಎರಡು ಸಲ ಕೇಳಿದೆ. ಅವರಿಗೆ ಸಿಟ್ಟು ಬಂತು. “ಇಪ್ಪತ್ತು ವರ್ಷದಿಂದ ಇದೇ ಮರದ ಕೆಳಗೆ ಕೂತಿದೀನಿ. ನಿಮಗ್ಯಾರು ಮೋಸ ಮಾಡ್ತಿದಾರೆ ಅಂತ ಇಷ್ಟು ಹೆದರ್ತೀರಿ?”

ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ನಾಲ್ಕು ಸಾಲಿನ ಜೊತೆ ಐದನೆಯದೊಂದು ಬರೆದು, ‘ಇದು ಮಾರುವುದಕ್ಕಲ್ಲ’ ಎಂದಿದ್ದರೆ ನಾನು ಇಷ್ಟು ಅಲೆಯುತ್ತಿರಲಿಲ್ಲ. ನಿಮಗೆ ಮೊದಲಿನಿಂದಲೂ ಅದೇ ರೋಗ. ಕೈ ಕೆಲಸ ಮಾಡುತ್ತದೆ, ಬಾಯಿ ಬಿಡುವುದಿಲ್ಲ. ಗಾಡಿಯನ್ನು ಯಾರಿಗಾಗಿ ಮಾಡಿದಿರಿ, ಮುಂದೆ ಏನು ಅಂದುಕೊಂಡಿದ್ದೀರಿ, ಪತ್ರದಲ್ಲಿ ಒಂದೂ ಇಲ್ಲ. ನನಗೆ ಅನುಮಾನ ಪೂರ್ತಿ ಹೋಗಿಲ್ಲ. ಎದುರು ಕೂತು ಕೇಳಬೇಕು.

ಫಾರಂ ಅಂಚೆಯಲ್ಲಿ ಕಳಿಸುವುದಿಲ್ಲ. ಇಪ್ಪತ್ತನೇ ತಾರೀಖು ಸೋಮವಾರ ಹನ್ನೊಂದು ಗಂಟೆಗೆ ಆರ್‌ಟಿಓ ಕಚೇರಿಯ ಆ ಮರದ ಹತ್ತಿರ ಇರುತ್ತೇನೆ. ಆರ್.ಸಿ. ಪುಸ್ತಕ ತರುತ್ತೇನೆ. ಇನ್ಸ್‌ಪೆಕ್ಟರರಿಗೆ ಗಾಡಿಯನ್ನೂ ತೋರಿಸಬೇಕಂತೆ, ಓಡಿಸಿಕೊಂಡೇ ಬನ್ನಿ. ಅಟ್ಟದ ಮೇಲಿರುವ ಹೆಡ್‌ಲೈಟು ಹಾಕಿಕೊಂಡು ಬನ್ನಿ. ಹತ್ತು ಸಾವಿರಕ್ಕಾಗಿ ಹೇಳುತ್ತಿಲ್ಲ. ಅವ್ವ ಇದ್ದಿದ್ದರೆ ಇಷ್ಟು ವರ್ಷ ಸಿಟ್ಟು ಹಿಡಿದದ್ದಕ್ಕೆ ನನಗೇ ಬೈಯುತ್ತಿದ್ದಳು.

ಇಂತಿ,
ಸುಜಾತಾ

ಮತ್ತೆ ಬರೆದದ್ದು: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಕೋಟೆಯಲ್ಲಿ ಎರಡು ಚೂರು ಮಾಡಿದ ಒಂದು ಫಾರಂ ಇದೆ. ನೀವು ಕಳಿಸಿದ್ದಲ್ಲ, ಬೇರೆ. ಇದು ಗಾಡಿ ಮಾರುವ ಫಾರಂ. ಇಂದಿರಾನಗರದ ವಾಜಿದ್ ಎಂಬ ವ್ಯಾಪಾರಿಗೆ ಸಹಿ ಮಾಡಿ ಕೊಟ್ಟವಳು ನಾನೇ. ಗಾಡಿ ಶೌಕತ್ ಅವರ ಶೆಡ್ಡಿನಲ್ಲಿದೆ ಎಂದು ಅವರಿಂದಲೇ ತಿಳಿದು, ನಿಮಗೆ ಹೇಳದೆ ಅಲ್ಲಿಂದ ಎತ್ತಿಸಿಕೊಳ್ಳಿ ಎಂದಿದ್ದೆ. ನಿನ್ನೆ ಅವರ ಮುಂಗಡ ತಿರುಗಿ ಕೊಟ್ಟು, ಕಾಗದ ಬಿಡಿಸಿಕೊಂಡು ಬಂದೆ. ಚೂರುಗಳನ್ನು ಕೂಡಿಸಿ ಸಹಿಯ ಪಕ್ಕದ ತಾರೀಖು ನೋಡಿ. ಜುಲೈ ಹನ್ನೆರಡು. ನಿಮ್ಮ ಪತ್ರ ಕೈಗೆ ಬರುವುದಕ್ಕೆ ಹನ್ನೆರಡು ದಿನ ಮೊದಲಿನದು. ಇದನ್ನು ನೋಡಿದ ಮೇಲೂ ಬರುವ ಮನಸ್ಸಿದ್ದರೆ ಸೋಮವಾರ ಬನ್ನಿ.