ಉಳಿಸಬೇಕೇ?

ಕೆಳಪೇಟೆ, ಶ್ರಾವಣ ಮೂವತ್ತೆಂಟು, ಬಾಗಿಲು ಮುಚ್ಚಿದ ಇನ್ನೂರ ಆರನೇ ವರ್ಷ.

ಸನ್ಮಾನ್ಯ ಭರತೇಶ ಅವರಿಗೆ ಮೂರನೇ ಸುರಂಗದ ನೀಲಾಂಬೆಯ ನಮಸ್ಕಾರ. ನಮ್ಮ ತಿಂಗಳುಗಳು ಉದ್ದ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನೀವು ತೀರಿಹೋಗಿ ಬಹಳ ಕಾಲವಾಯಿತು ಎಂಬುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾವು ಹಳೆಯ ಗಣಿಯೊಳಗೆ ಬದುಕುವವರು. ಮೇಲೆ ಬಿಸಿಲಿಗೆ ಹೋದವರು ಮರಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಗಾಳಿಪಾಲಿಗೆ ಸಾಲು ನಿಲ್ಲಬೇಕು, ಅಂದರೆ ಒಬ್ಬೊಬ್ಬರ ಚೀಲಕ್ಕೆ ತುಂಬಿಕೊಡುವ ಆ ದಿನದ ಉಸಿರು. ಆಮೇಲೆ ಅಣಬೆಯ ಕೆಲಸ. ಗೋಡೆಯ ಬೆವರನ್ನು ಬಟ್ಟೆಯಲ್ಲಿ ಒರೆಸಿ ಹಿಂಡಿದ್ದೇ ಕುಡಿಯುವ ನೀರು. ಜಗಳವಾಡಿದರೆ ಉಸಿರು ದಂಡವಾಗುತ್ತದೆಂದು ಇಲ್ಲಿ ಅತ್ತೆ ಸೊಸೆಯರೂ ಸನ್ನೆಯಲ್ಲೇ ಬೈದುಕೊಳ್ಳುತ್ತಾರೆ.

ನಮ್ಮನ್ನು ಆಳುವವರು ನೀವು. ನಮ್ಮ ಹಿರೀಕರ ಕೈಗೆ ಸಿಕ್ಕಿದ್ದು ನಿಮ್ಮ ಒಂದು ವಿಡಿಯೋ. ಚಿಕ್ಕಂದಿನಲ್ಲಿ ಆಡಿದ್ದ, ಊರು ಆಳುವ ಕಂಪ್ಯೂಟರ್ ಆಟವೊಂದನ್ನು ದೊಡ್ಡವರಾದ ಮೇಲೆ ಮತ್ತೆ ಆಡಿ ತೋರಿಸಿದ್ದೀರಿ. ಆಟ ಪ್ರಶ್ನೆ ಕೇಳುತ್ತದೆ, ನೀವು ಉತ್ತರ ಒತ್ತುತ್ತೀರಿ. ಊರಿಗೆ ಕಷ್ಟ ಬಂದಾಗಲೆಲ್ಲ ನಮ್ಮ ಪಂಚರು ಅದನ್ನು ಹಾಕಿ ನೋಡಿ ತೀರ್ಪು ಕೊಡುತ್ತಾರೆ. ಆ ಆಟದಲ್ಲಿ ನೀರು ಕದ್ದವರನ್ನು ನೀವು ಊರಾಚೆ ಅಟ್ಟಿ, "ಹೋಗ್ಲಿ ಬಿಡು, ಮಂದಿ ಭಾಳ ಅದಾರ" ಎಂದು ನಕ್ಕಿರಿ. ಯಾರನ್ನು ಮೇಲ್ಬಾಗಿಲಿನಿಂದ ಹೊರಹಾಕಿದರೂ ನಮ್ಮ ಊರು ಕೈಮುಗಿದು ಅದೇ ಮಾತು ಹೇಳುತ್ತದೆ, ನಗುವುದನ್ನೂ ಮರೆಯುವುದಿಲ್ಲ. ನನ್ನ ಗಂಡನಿಗೂ ಹೇಳಿದರು.

ಈ ಸಲ ನನ್ನ ಮಗಳು ತಾರಕಿಯ ಸರದಿ. ಅವಳಿಗೆ ದೂಳುಗೆಮ್ಮು, ಇಬ್ಬರ ಗಾಳಿಪಾಲು ಬೇಕು. ಕೆಮ್ಮುವವರ ಪ್ರಶ್ನೆ ನಿಮ್ಮ ಆಟದಲ್ಲೂ ಬರುತ್ತದೆಂದು ತಿಳಿದಾಗ ಹೋದ ಜೀವ ಬಂದಂತಾಯಿತು. ಎಲ್ಲರೂ ಕೂತು ನೋಡಿದೆವು. ನೀವು ಕೊಂಚ ಯೋಚಿಸಿ, ಅವರಿಗೆ ಬೇರೆ ಮನೆ, ಗಂಜಿ, ವೈದ್ಯರು ಎಂದು ಒತ್ತಿದಿರಿ. ನಾನು ಅತ್ತುಬಿಟ್ಟೆ. ಅಷ್ಟರಲ್ಲಿ ಒಳಗಿನಿಂದ ನಿಮ್ಮ ತಾಯಿ, "ರೊಟ್ಟಿ ಆರಾಕತ್ತಾವು, ಬಾರಪಾ" ಎಂದು ಕರೆದರು. ನೀವು ಆಟ ಮುಚ್ಚಲು ಹೋದಿರಿ. ಪರದೆ ಕೇಳಿತು: ಉಳಿಸಬೇಕೇ? 'ಬೇಡ' ಎಂದು ಒತ್ತಿ ಎದ್ದುಹೋದಿರಿ.

ಅದು ಆಟವನ್ನು ಉಳಿಸುವ ಮಾತು, ಜನರದ್ದಲ್ಲ ಎಂದು ಪಂಚರ ಕಾಲು ಹಿಡಿದೆ. ಹಿರಿಯಾಕೆ ಗಂಗಮಾಳವ್ವ ನನ್ನ ತಲೆ ಸವರುತ್ತಲೇ ಹೇಳಿದಳು: "ಆಗ ಪರದಿ ಮ್ಯಾಲೆ ಇದ್ದವರು ಕೆಮ್ಮಾವರು. ಅವರನ್ನ ಉಳಿಸಬೇಕೇನಂತ ಕೇಳಿತು. ಬ್ಯಾಡಂದ್ರು. ನಾವ್ಯಾರವ್ವಾ ಹೂಂ ಅನ್ನಾಕ?"

ಒತ್ತುವಾಗ ನೀವು ಪರದೆಯ ಕಡೆ ನೋಡಲೇ ಇಲ್ಲ ಸ್ವಾಮಿ. ನಿಮ್ಮ ಕಣ್ಣು ಅಡುಗೆಮನೆಯ ಕಡೆಗಿತ್ತು. ಮತ್ತೆ ಮತ್ತೆ ಹಾಕಿಸಿ ನೋಡಿದ್ದೇನೆ. ನಿಮ್ಮನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇವತ್ತು ಬೆಳಿಗ್ಗೆ ಕರೆದೊಯ್ದರು. ವಾಸಿಯಾಗಿದೆಯೆಂದು ತೋರಿಸಲು ತಾರಕಿ ಬಾಗಿಲವರೆಗೂ ಕೆಮ್ಮು ನುಂಗಿಕೊಂಡೇ ನಡೆದಳು. ಮುಖ ನೀಲಿಯಾಗಿತ್ತು. ಬಾಗಿಲು ಹಾಕಿದ ಮೇಲೆ ಊರು ಕೆಲಸಕ್ಕೆ ಹೋಯಿತು. ನಾನು ಬಾಗಿಲ ಬಳಿ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಈ ಕಾಗದ ನಿಮಗೆ ಹೇಗೆ ಮುಟ್ಟುವುದೋ ಗೊತ್ತಿಲ್ಲ. ಮುಟ್ಟಿದರೆ, ಏಳುವ ಮೊದಲು ಒಮ್ಮೆ ತಿರುಗಿ ನೋಡಿ 'ಹೌದು' ಎಂದು ಒತ್ತಿ. ಬಾಗಿಲಾಚೆ ಅವಳ ಕೆಮ್ಮು ಇನ್ನೂ ಕೇಳಿಸುತ್ತಿದೆ. ಬೇಗ ಒತ್ತಿ.