ಎರಡು ಸಲ ಮುಂದಿಟ್ಟ ಗಡಿಯಾರ

ಬರ್ಚ್ ಮಿಲ್ಸ್, ಮೇನ್
ಏಪ್ರಿಲ್ ಒಂಬತ್ತು

ಮಗಳೇ ಲೊರೇನ್,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿನ್ನ ಚಿಕ್ಕಮ್ಮ ಫೋನಿನಲ್ಲಿ ಹೇಳುವುದನ್ನು ನಾನು ನಂಬುವುದಿಲ್ಲ. ಅವಳ ಬಾಯಲ್ಲಿ ಎಲ್ಲರೂ ಯಾವಾಗಲೂ ಚೆನ್ನಾಗಿಯೇ ಇರುತ್ತಾರೆ. ನನ್ನ ಮಂಡಿನೋವು ಹಾಗೇ ಇದೆ. ಹಿತ್ತಿಲಲ್ಲಿ ಹಿಮ ಇನ್ನೂ ಕರಗಿಲ್ಲ. ನಿನ್ನ ಮಗು ಎಲೋಡಿ ತೀರಿಹೋಗಿ ಒಂದು ವರ್ಷ ದಾಟಿತು, ನೀನು ಈ ಮನೆ ಬಿಟ್ಟು ಹನ್ನೊಂದು ತಿಂಗಳು.

ಮಂಗಳವಾರ ರಾಜಧಾನಿ ಅಗಸ್ಟಾಗೆ ಹೋಗಿದ್ದೆ. ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಪ್ರತಿ ಮಾರ್ಚಿನಲ್ಲೂ ಒಂದು ಭಾನುವಾರ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಬೇಕೆಂಬ ಮಸೂದೆ ಶಾಸನಸಭೆಯ ಸಮಿತಿಗೆ ಬಂದಿದೆ. ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಶಾಲೆಯ ಬಸ್ಸು ಓಡಿಸುವ ಬರ್ನಿಸ್ ಕರೆದುಕೊಂಡು ಹೋದಳು. ನನ್ನ ಟೈ ನೋಡಿ, ಮದುವೆ ಗಂಡಿನ ಹಾಗಿದ್ದೀಯ ಎಂದು ದಾರಿಯುದ್ದಕ್ಕೂ ಕಾಡಿದಳು. ಸಭೆಯಲ್ಲಿ ಹಸು ಸಾಕುವವನೊಬ್ಬ ಎದ್ದು, ಹಸುವಿಗೆ ಗಡಿಯಾರ ಯಾರು ಕಲಿಸುತ್ತಾರೆ ಎಂದು ಗೊಣಗಿದ. ನನ್ನ ಸರದಿ ಬಂದಾಗ, ಕತ್ತಲಲ್ಲಿ ಬಸ್ಸಿಗೆ ಕಾಯುತ್ತಿದ್ದ ನಮ್ಮ ಎಂಟು ವರ್ಷದ ಮಗುವಿಗೆ ಮರದ ದಿಮ್ಮಿ ಹೊತ್ತ ಲಾರಿ ಬಡಿದದ್ದನ್ನು ಹೇಳಿದೆ. ಅವಳನ್ನು ಕೊಂದದ್ದು ಈ ಕಾನೂನೇ ಎಂದೆ. ಅಧ್ಯಕ್ಷೆ ಕಣ್ಣೊರೆಸಿಕೊಂಡಳು. ಸಮಿತಿ ಮಸೂದೆಯನ್ನು ಒಪ್ಪಿತು. ಎಲ್ಲರೂ ಬಂದು ಕೈ ಕುಲುಕಿದರು. ನನಗೆ ಮಾತ್ರ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಮನೆ ಬಿಡುವ ದಿನ ನೀನು ಆಡಿದ ಮಾತು ಕಿವಿಯಲ್ಲೇ ಕೂತಿದೆ: "ಗಡಿಯಾರ ತಪ್ಪಾಗಿ ಇಟ್ಟಿದ್ದು ನಾನೇ ಅಪ್ಪಾ. ನನ್ನ ಮಗೂನ ನಾನೇ ಸಾಯಿಸ್ಬಿಟ್ಟೆ." ಆ ಶನಿವಾರ ಆಸ್ಪತ್ರೆಯ ಎರಡು ದಿನದ ಪಾಳಿಗೆ ಹೊರಡುವ ಅವಸರದಲ್ಲಿ ಮುಳ್ಳನ್ನು ಒಂದರ ಬದಲು ಎರಡು ಸುತ್ತು ತಿರುಗಿಸಿಬಿಟ್ಟೆ ಎಂದುಕೊಂಡೆ ನೀನು. ಸೋಮವಾರ ಬಂದು ನೋಡಿದರೆ ಅಡುಗೆಮನೆಯ ಗಡಿಯಾರ ಒಂದು ಗಂಟೆ ಮುಂದಿತ್ತಲ್ಲ.

ಬೇಸಗೆಗಾದರೂ ಬಾ. ಬರದಿದ್ದರೂ ಹೊಟ್ಟೆತುಂಬ ಉಣ್ಣು, ಮಲಗು. ದೇವರು ನಿನ್ನ ಕೈಬಿಡದಿರಲಿ.

ನಿನ್ನ ಅಪ್ಪ,
ಅರ್ಮಾಂಡ್

ತಾ.ಕ.: ಕಾಗದವನ್ನು ಅಂಚೆಗೆ ಹಾಕಲು ಬರ್ನಿಸ್ ಬಾಗಿಲಲ್ಲಿ ಕಾಯುತ್ತಿದ್ದಾಳೆ. ಈಗ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ನೀನು ಸರಿಯಾಗಿಯೇ ಇಟ್ಟಿದ್ದೆ, ಲೊರೇನ್. ಭಾನುವಾರ ಸಂಜೆ ಮಗುವಿನ ಜೊತೆ ನನ್ನ ಅಣ್ಣನ ಮನೆಯಿಂದ ಬಂದವನು, ನೀನು ಮರೆತಿರುತ್ತೀಯ ಎಂದುಕೊಂಡು ಮುಳ್ಳನ್ನು ಇನ್ನೊಂದು ಗಂಟೆ ಮುಂದಿಟ್ಟೆ. ನೀನು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡಾಗ ಬಾಯಿ ಮುಚ್ಚಿಕೊಂಡೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಒಂದು ಗಂಟೆ ಮೊದಲೇ ಅವಳ ಕೋಟಿನ ಗುಂಡಿ ಹಾಕಿ ಕಳಿಸಿದವನು ನಾನು. "ಅಜ್ಜಾ, ಇನ್ನೂ ಕತ್ತಲೆ ಇದೆ" ಅಂದಳು. ಗಡಿಯಾರ ಮುಂದಿಟ್ಟಾಗ ಹಾಗೇನೇ, ಹೋಗು ಅಂದೆ.